ಎರಡು ಬಗೆಯ ಸೊನ್ನೆ

ಕೋವಿಡ್ ಕಳೆದು ಎರಡನೆಯ ವರ್ಷ. ಹೆಬ್ಬಾಳದ ಫ್ಲೈಓವರ್ ಕಾಣುವ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ನಾನು ಗ್ರೀವೆನ್ಸ್ ಆಫೀಸರ್ ಆಗಿದ್ದೆ. ಕನ್ನಡದಲ್ಲಿ ಕುಂದುಕೊರತೆ ಅಧಿಕಾರಿ. ಹುದ್ದೆಯ ಹೆಸರು ಕೇಳಿ ನಮ್ಮಜ್ಜಿ, ‘ಅದ್ಯಾರ ಕೊರತೆನಪ್ಪಾ ನೀನು ನೋಡ್ಕೊಳ್ಳೋದು?’ ಎಂದಿದ್ದಳು. ಆ ಪ್ರಶ್ನೆಗೆ ಇಂದಿಗೂ ನೇರ ಉತ್ತರ ನನ್ನಲ್ಲಿಲ್ಲ.

ನಮ್ಮ ಕಂಪನಿ ಲೇಔಟುಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಒಂದು ಆಪ್ ನಡೆಸುತ್ತಿತ್ತು. ಅದಕ್ಕೆ ಎರಡು ಭಾಗ. ಮೊದಲನೆಯದು ಗೇಟ್. ಬಂದವರ ಹೆಸರು, ಮೊಬೈಲ್ ನಂಬರ್, ಹೋಗಬೇಕಾದ ಮನೆ, ಬಂದ ಕಾರಣ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಇಷ್ಟನ್ನೂ ಸೆಕ್ಯೂರಿಟಿಯವನು ತನ್ನ ಫೋನಿನಲ್ಲಿ ತುಂಬಬೇಕು. ಎರಡನೆಯದಕ್ಕೆ ‘ಕಟ್ಟೆ’ ಎಂದು ಹೆಸರಿಟ್ಟಿದ್ದರು. ಲೇಔಟಿನವರು ಫೋನಿನಿಂದಲೋ ಕಂಪ್ಯೂಟರಿನಿಂದಲೋ ನೀರು, ಕಸ, ನಾಯಿ ಎಂದು ಅಲ್ಲಿ ಬರೆದುಕೊಳ್ಳಬಹುದು. ಕಟ್ಟೆಯಲ್ಲಿ ‘ಹೆಸರಿಲ್ಲದೆ ಬರೆಯಿರಿ’ ಎಂಬ ಬಟನ್ ಇತ್ತು. ಅದನ್ನು ಒತ್ತಿ ಬರೆದರೆ ಅಕ್ಕಪಕ್ಕದವರಿಗೆ ನಿಮ್ಮ ಹೆಸರು ಕಾಣುವುದಿಲ್ಲ. ನಮಗೆ ಕಾಣುತ್ತದೆ. ಈ ಎರಡನೆಯ ವಾಕ್ಯ ನಿಯಮಾವಳಿಯ ಹನ್ನೊಂದನೇ ಪುಟದಲ್ಲಿತ್ತು.

ಈ ಕೆಲಸ ನನಗೆ ಸಿಕ್ಕಿದ್ದು ಕಾನೂನು ಓದಿದ್ದಕ್ಕಿಂತ ಹೆಚ್ಚಾಗಿ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಮಾಡುತ್ತಿದ್ದೆ ಎಂಬ ಕಾರಣಕ್ಕೆ. ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಪಕ್ಷವನ್ನು ವಾದಿಸುವ ಅಭ್ಯಾಸ. ಸಂದರ್ಶನದಲ್ಲಿ ಮ್ಯಾನೇಜರ್ ಹೇಳಿದ್ದರು: ‘ಜಗಳ ಆಡೋಕೆ ಒಬ್ರು ಬೇಕಾಗಿದ್ದಾರೆ. ಆದ್ರೆ ಮರ್ಯಾದೆಯಿಂದ ಆಡ್ಬೇಕು.’

ಆದರೆ ನಾನು ವಾದ ಕಲಿತದ್ದು ಕಾಲೇಜಿನಲ್ಲಲ್ಲ. ಹದಿನಾರನೇ ವಯಸ್ಸಿನಲ್ಲಿ, ಯಲಹಂಕ ನ್ಯೂಟೌನಿನ ಒಂದು ಸೈಬರ್ ಕೆಫೆಯಲ್ಲಿ. ಪ್ಲೈವುಡ್ಡಿನ ಗೂಡುಗಳು, ಮೊಣಕಾಲು ತಗುಲುವ ಸಿಪಿಯು, ‘ಂ’ ಇರುವ ಕೀಲಿಯ ಮೇಲೆ ಯಾರೋ ಅಂಟಿಸಿದ ಬಿಂದಿ. ಅಲ್ಲಿ ಕೂತು ಒಂದು ಕನ್ನಡ ಚರ್ಚಾ ತಾಣದಲ್ಲಿ ಬರೆಯುತ್ತಿದ್ದೆ. ಆಗ ಅಂಥ ತಾಣಗಳಲ್ಲಿ ಯಾರೂ ನಿಜ ಹೆಸರಿಟ್ಟುಕೊಳ್ಳುತ್ತಿರಲಿಲ್ಲ. ನನ್ನ ಹೆಸರು ‘ವಿತಂಡ’. ಎರಡು ತಿಂಗಳು ನನ್ನೊಂದಿಗೆ ಬಿಡದೆ ವಾದಿಸಿದವರ ಹೆಸರು ‘ಹಳೇ ರೇಡಿಯೋ’.

ಮನೆಯಲ್ಲಿ, ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಹಾಲು ಹಾಕುವ ಮನೆಗಳಲ್ಲಿ ಎಲ್ಲರಿಗೂ ನಾನು ‘ಲೋ’, ‘ನೀನು’. ಆ ಗೂಡಿನೊಳಗೆ ಮಾತ್ರ ‘ವಿತಂಡ ಅವರೇ, ನೀವು ಹೇಳುವುದನ್ನು ಒಪ್ಪಲಾರೆ.’ ನನ್ನ ವಯಸ್ಸು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಬ್ಯಾಟರಾಯನಪುರದಲ್ಲಿ ಯಾರ ಮಗ ಎಂಬುದು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ‘ನೀವು’. ಪಿಯುಸಿ ಪರೀಕ್ಷೆ ಬಂದಾಗ, ‘ಪರೀಕ್ಷೆ ಇರುವುದರಿಂದ ಹದಿನೈದು ದಿನ ಬರಲಾಗದು’ ಎಂದು ಬರೆದೆ. ಹಳೇ ರೇಡಿಯೋ ಉತ್ತರಿಸಿದರು: ‘ಆಗಲಿ. ನೀವು ಪರೀಕ್ಷೆ ಬರೆಯುವವರೋ, ಪೇಪರ್ ತಿದ್ದುವವರೋ?’ ಆ ಪ್ರಶ್ನೆಯನ್ನು ಒಂದು ವಾರ ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಇದನ್ನು ಸ್ವರ್ಣಯುಗ ಎಂದು ಕರೆಯುವ ಉಮೇದು ನನಗಿಲ್ಲ. ಅದೇ ತಾಣದಲ್ಲಿ ಹೆಂಗಸಿನ ಹೆಸರಿಟ್ಟುಕೊಂಡು ಬರೆಯುತ್ತಿದ್ದವರೊಬ್ಬರನ್ನು ಮೂರು ಮಂದಿ ಸೇರಿ ಹೀನಾಯವಾಗಿ ಬೈದು ಓಡಿಸಿದ್ದನ್ನೂ ನೋಡಿದ್ದೇನೆ. ಆ ದಿನ ವಿತಂಡನಿಗೂ ಬಾಯಿ ಇರಲಿಲ್ಲ. ಇನ್ನು, ನಾವು ಪೂರ್ತಿ ಅನಾಮಿಕರೂ ಆಗಿರಲಿಲ್ಲ. ಕೆಫೆಯವನ ರಿಜಿಸ್ಟರಿನಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿಯೇ ಕೂರಬೇಕಿತ್ತು. ವ್ಯತ್ಯಾಸ ಇಷ್ಟೇ: ಆ ರಿಜಿಸ್ಟರು ಕೆಫೆಯ ಮೇಜಿನ ಮೇಲಿತ್ತು, ತಾಣ ಇನ್ನೆಲ್ಲೋ ಇತ್ತು, ಒಂದಕ್ಕೆ ಇನ್ನೊಂದರ ಪರಿಚಯವಿರಲಿಲ್ಲ. ಈ ಮಾತು ಆಮೇಲೆ ಬೇಕಾಗುತ್ತದೆ.

ಪ್ರಕರಣ ಶುರುವಾದದ್ದು ಶೆಟ್ಟಿಹಳ್ಳಿ ಕಡೆಯ ಒಂದು ಲೇಔಟಿನ ಕಟ್ಟೆಯಲ್ಲಿ. ಹೆಸರಿಲ್ಲದ ಬರಹ, ಕನ್ನಡದಲ್ಲಿ:

‘ಸಂಘದ ನೋಟಿಸ್ ಬೋರ್ಡಿನಲ್ಲಿ ಕಳೆದ ತಿಂಗಳು ಯಾರ ಮನೆಗೆ ಯಾರು ಬಂದರೆಂಬ ಪಟ್ಟಿಯನ್ನು ಅಂಟಿಸಲಾಗಿದೆ. ಯಾರ ಮನೆಗೆ ಡಾಕ್ಟರು ಬಂದರು, ಯಾರ ಮನೆಗೆ ವಕೀಲರು ಬಂದರು, ಯಾರ ಮನೆಗೆ ಹೆಣ್ಣು ನೋಡಲು ಬಂದು ಎಷ್ಟು ಹೊತ್ತು ಕುಳಿತರು ಎಂಬುದನ್ನು ಹಾಲು ತರಲು ಹೋದವರೆಲ್ಲ ನಿಂತು ಓದುತ್ತಿದ್ದಾರೆ. ಗೇಟಿನಲ್ಲಿ ಕಾರಣ ಕೇಳುವುದು ಭದ್ರತೆಗಾದರೆ, ಆ ಕಾರಣವನ್ನು ಗೋಡೆಗೆ ಅಂಟಿಸುವುದು ಯಾತಕ್ಕೆ? ಸಂಘದ ಅಧ್ಯಕ್ಷರು ಉತ್ತರಿಸಬೇಕೆಂದು ವಿನಂತಿ.’

ಕೆಳಗೆ ಐವತ್ತಕ್ಕೂ ಹೆಚ್ಚು ಉತ್ತರಗಳು. ‘ಸರಿಯಾಗಿ ಹೇಳಿದ್ರಿ ಸರ್.’ ‘ನಿಮ್ಮಂಥವರು ಕಮಿಟಿಗೆ ಬರಬೇಕು ಸರ್.’ ‘ಯಾರೋ ರಿಟೈರ್ಡ್ ಆಫೀಸರ್ ಇರಬೇಕು, ಭಾಷೆ ನೋಡಿ.’ ಎಲ್ಲ ‘ಸರ್’, ಎಲ್ಲ ‘ನೀವು’. ಓದುತ್ತಾ ನನಗೆ ಪ್ಲೈವುಡ್ಡಿನ ಗೂಡಿನ ವಾಸನೆ ಬಂತು.

ಮರುದಿನ ಸಂಘದ ಅಧ್ಯಕ್ಷರಿಂದ ಫೋನಿನಲ್ಲಿ ದೂರು ಬಂತು. ಬರೆದವರು ಯಾರೆಂದು ತಿಳಿಸಬೇಕು. ಅಧ್ಯಕ್ಷರ ಹೆಸರು ಮುನಿರಾಜಪ್ಪ. ಲೇಔಟಿನ ಕಾಲು ಭಾಗ ಒಂದು ಕಾಲಕ್ಕೆ ಅವರ ತಂದೆಯ ರಾಗಿ ಹೊಲ. ಈಗ ಅವರದೇ ಮೂರು ಬಿಲ್ಡಿಂಗುಗಳು, ತುಂಬ ಬಾಡಿಗೆದಾರರು. ಸುತ್ತಲಿನ ಹನ್ನೆರಡು ಲೇಔಟುಗಳ ಒಕ್ಕೂಟವೂ ಅವರ ಮಾತಿನಂತೆ ನಡೆಯುತ್ತಿತ್ತು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ‘ಹನ್ನೆರಡೂ ಆಪ್ ಬಿಟ್ಟು ಹೋಗ್ತಾವೆ ಗುರು. ಒಂದ್ಸಲ ಹೋಗಿ ಸಮಾಧಾನ ಮಾಡಿ ಬಾ. ಆಗ್ಲಿಲ್ಲ ಅಂದ್ರೆ ನಂಬರ್ ನೋಡಿ ಬಾಯಲ್ಲಿ ಹೇಳಿಬಿಡು, ಬರೆದು ಕೊಡ್ಬೇಡ.’

ನಂಬರ್ ನೋಡುವುದು ಎರಡು ಕ್ಲಿಕ್ಕಿನ ಕೆಲಸ. ಆದರೆ ನೋಡಿದವರು ಯಾರು, ಯಾವ ಕಾರಣಕ್ಕೆ ಎಂಬುದೂ ಲಾಗ್ ಆಗುತ್ತದೆ, ಅಂದರೆ ಸಿಸ್ಟಮ್ಮಿನಲ್ಲಿ ದಾಖಲಾಗಿ ಉಳಿಯುತ್ತದೆ. ಕಾರಣದ ಜಾಗದಲ್ಲಿ ‘ಅಧ್ಯಕ್ಷರಿಗೆ ಕೋಪ ಬಂದಿದೆ’ ಎಂದು ಬರೆಯಲು ನಾನು ತಯಾರಿರಲಿಲ್ಲ. ನೋಡದೆಯೇ ಹೊರಟೆ.

ಸಂಘದ ಕಚೇರಿ ಎಂದರೆ ನೀರಿನ ಟ್ಯಾಂಕಿನ ಕೆಳಗಿನ ಒಂದು ಕೋಣೆ. ಹೊರಗೋಡೆಯ ಬೋರ್ಡಿನಲ್ಲಿ ಆ ಪಟ್ಟಿ ಇನ್ನೂ ಇತ್ತು. ಖಾಸಗಿತನದ ಪರ ವಾದಿಸಲು ಬಂದ ನಾನು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಪ್ಪಿಕೊಳ್ಳುತ್ತೇನೆ, ಓದದೆ ಇರಲಾಗಲಿಲ್ಲ. ಒಂದೇ ಮನೆ, ಎರಡನೇ ಮಹಡಿ, ಮೂರು ಭಾನುವಾರ, ಮೂರು ಬೇರೆ ಕುಟುಂಬಗಳು. ಕಾರಣ ಮೂರಕ್ಕೂ ‘ಹೆಣ್ಣು ನೋಡೋದು’. ಮೊದಲನೆಯವರು ಐವತ್ತು ನಿಮಿಷ ಇದ್ದರು. ಎರಡನೆಯವರು ಇಪ್ಪತ್ತೈದು. ಮೂರನೆಯವರು ಹನ್ನೆರಡೇ ನಿಮಿಷಕ್ಕೆ ಗೇಟು ದಾಟಿದ್ದರು. ತಟ್ಟೆಯಲ್ಲಿಟ್ಟ ಉಪ್ಪಿಟ್ಟು ಆರುವಷ್ಟು ಹೊತ್ತೂ ಅಲ್ಲ. ನಾನು ಓದುತ್ತಿದ್ದಾಗಲೇ ಹಾಲಿನ ಪ್ಯಾಕೆಟ್ ಹಿಡಿದ ಇಬ್ಬರು ಹೆಂಗಸರು ಪಕ್ಕದಲ್ಲಿ ಬಂದು ನಿಂತರು. ಒಬ್ಬಾಕೆ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಇನ್ನೊಬ್ಬಳ ಮುಖ ನೋಡಿದಳು.

ಒಳಗೆ ಮುನಿರಾಜಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮೂಲೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಏನೋ ಟೈಪ್ ಮಾಡುತ್ತಿದ್ದರು. ಪರದೆ ನೋಡುತ್ತಿದ್ದರೇ ಹೊರತು ಕೀಲಿಗಳನ್ನಲ್ಲ.

‘ಬನ್ನಿ ಸರ್, ಕೂತ್ಕಳಿ,’ ಎಂದರು ಅಧ್ಯಕ್ಷರು. ‘ಯಾವೂರು ನಿಮ್ದು?’

‘ಇಲ್ಲೇ, ಬ್ಯಾಟರಾಯನಪುರ.’

‘ಬ್ಯಾಟರಾಯನಪುರದಾಗೆ ಯಾರ ಪೈಕಿ?’

‘ಹಾಲಿನ ಚಿಕ್ಕಣ್ಣನ ಮೊಮ್ಮಗ.’

‘ಓ, ಆಲಿನ ಚಿಕ್ಕಣ್ಣನ ಮೊಮ್ಮಗನೇನೋ ನೀನು. ಅಂಗಂದ್ರೆ ನಮ್ಮೋನೇ ಬಿಡು. ನಿಮ್ ತಾತ ನಮ್ಮಪ್ಪನ ಜತೆ ಎಸ್ರುಘಟ್ಟದ ಸಂತೆಗೋಗೋನು.’

ಒಂದೂವರೆ ನಿಮಿಷದಲ್ಲಿ ನನ್ನ ‘ನೀವು’ ಹೋಯಿತು. ಇದಕ್ಕೆ ಯಾವ ಆಪ್ ಕೂಡ ಬೇಕಾಗಲಿಲ್ಲ.

‘ನಮ್ಮೋನೇ ಅಂದ್ಮೇಲೆ ಎಸ್ರು ಯೋಳಕ್ಕೇನು ಕಷ್ಟ?’

‘ಪೊಲೀಸರಿಂದಲೋ ಕೋರ್ಟಿಂದಲೋ ಆರ್ಡರ್ ಬಂದ್ರೆ ಹೇಳ್ಬೋದು ಅಣ್ಣ. ಇಲ್ದಿದ್ರೆ ಆಗಲ್ಲ. ಬರಹದಲ್ಲಿ ಬೈಗುಳ ಇಲ್ಲ, ಸುಳ್ಳಿಲ್ಲ. ಒಂದು ಪ್ರಶ್ನೆ ಅಷ್ಟೇ ಇರೋದು. ಪಟ್ಟಿ ಯಾಕೆ ಅಂಟಿಸಿದ್ರಿ?’

‘ಪಾರದರ್ಶಕತೆ ಕಣಪ್ಪ. ಮೊದ್ಲು ಊರಾಗೆ ಯಾರ್ ಮನೆಗೆ ಯಾರ್ ಬಂದ್ರು ಅಂತ ಎಲ್ಲಾರ್ಗೂ ಗೊತ್ತಿರ್ತಿರ್ಲಿಲ್ವಾ? ಆಗ್ಯಾರಾದ್ರೂ ಪ್ರೈವೆಸಿ ಪ್ರೈವೆಸಿ ಅಂತ ಬಡ್ಕೊಂಡ್ರಾ?’

ಚರ್ಚಾಸ್ಪರ್ಧೆಯಲ್ಲಿ ಇಂಥ ವಾದಕ್ಕೆ ಅಂಕ ಕೊಡಲೇಬೇಕು. ನಮ್ಮ ತಾತಂದಿರ ಕಾಲದಲ್ಲಿ ಗುಟ್ಟು ಎಂಬುದು ಬಾವಿಕಟ್ಟೆ ದಾಟುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನೇ ನಗುತ್ತೇನೆ. ನಾನೆಂದೆ: ‘ಗೊತ್ತಿರ್ತಿತ್ತು ಅಣ್ಣ. ಆದ್ರೆ ನಿಮ್ಮನೆಗೆ ಯಾರು ಬಂದ್ರು ಅಂತ ಅವ್ರಿಗೂ ಗೊತ್ತಿರ್ತಿತ್ತು. ಈ ಪಟ್ಟೀಲಿ ನಿಮ್ಮನೇದು ಒಂದೇ ಒಂದು ಸಾಲಿಲ್ಲ.’

ಮೂಲೆಯಲ್ಲಿ ಟೈಪಿಂಗ್ ನಿಂತಿತು. ಎರಡು ಸೆಕೆಂಡಿನ ಮೇಲೆ ಮತ್ತೆ ಶುರುವಾಯಿತು.

‘ನನ್ ಮನೆಗ್ ಬರೋರ್ನ ಗೇಟಾಗೆ ನಿಲ್ಸಕಾಗ್ತದಾ?’ ಅಧ್ಯಕ್ಷರ ದನಿ ಏರಿತು. ‘ನೋಡು, ಇದು ಆ ಕಾರ್ನರ್ ಮನೆ ಲೆಕ್ಚರರ್ ಮೇಷ್ಟ್ರ ಕೆಲ್ಸ. ಇಂಥಾ ಕನ್ನಡ ಅವ್ರಿಗ್ ಬಿಟ್ರೆ ಇಲ್ಯಾರ್ಗೂ ಬರಲ್ಲ. ಅವ್ರಲ್ಲ, ನಮ್ ಬಿಲ್ಡಿಂಗ್ನೋರು ಯಾರಾದ್ರೂ ಅಂತ ಗೊತ್ತಾದ್ರೆ, ಒಂದ್ ತಿಂಗ್ಳು ಟೈಮ್ ಕೊಡ್ತೀನಿ. ಮನೆ ಖಾಲಿ. ಉಪ್ಪು ತಿಂದ ಮನೇಲಿ ಇಂಗ್ ಮಾಡೋರು ನಂಗ್ ಬ್ಯಾಡ.’

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ವಾದ ಬಿಸಿಯೇರಿದಾಗ ಕಾಲಾವಕಾಶ ಗಳಿಸುವುದು ಹಳೆಯ ಪಟ್ಟು. ‘ಒಂದು ಕೆಲ್ಸ ಮಾಡಿ ಅಣ್ಣ. ನಿಮ್ಮ ಬೇಡಿಕೆ ಏನು ಅಂತ ಬರವಣಿಗೇಲಿ ಕೊಡಿ. ಪೇಪರ್ ಬೇಡ, ಸಾಫ್ಟ್ ಕಾಪಿ ಮೇಲ್ ಮಾಡಿ. ನಾನು ಲಿಖಿತವಾಗೇ ಉತ್ತರ ಕೊಡ್ತೀನಿ.’

‘ಅಷ್ಟೇ ತಾನೆ. ಏ ಗಿರಿಜಮ್ಮ, ಒಂದ್ ಲೆಟ್ರು ಒಡಿಯಮ್ಮ.’ ನನ್ನ ಕಡೆ ತಿರುಗಿ, ‘ಗದಗದ ಕಡೆಯೋಳು. ನಮ್ ಬಿಲ್ಡಿಂಗಾಗೆ ಎರಡ್ನೇ ಮಾಡೀಲಿ ಅವ್ಳೆ. ಫ್ಯಾಕ್ಟ್ರೀಲಿ ಟೈಪಿಸ್ಟಾಗಿದ್ಲು. ಯೋಳಿದ್ದು ಒಡೀತಾಳೆ, ಪಾಪ.’

ಎರಡನೇ ಮಹಡಿ ಎಂಬ ಮಾತು ಕಿವಿಗೆ ಬಿತ್ತು. ಮೂರು ಬಿಲ್ಡಿಂಗು, ಮೂರರಲ್ಲೂ ಎರಡನೇ ಮಹಡಿ ಇರುತ್ತದೆ ಎಂದುಕೊಂಡೆ.

ಅಧ್ಯಕ್ಷರು ನಾಲ್ಕು ವಾಕ್ಯ ಹೇಳಿದರು. ಎಲ್ಲ ಅರ್ಧರ್ಧ, ನಡುವೆ ಎರಡು ಬೈಗುಳ. ಗಿರಿಜಮ್ಮ ಅವನ್ನು ಆಫೀಸಿನ ಕನ್ನಡಕ್ಕೆ ತರುತ್ತಾ ಹೋದರು. ಒಂದು ಕಡೆ ನಿಂತು ಕೇಳಿದರು: ‘ಯಾರ ಮ್ಯಾಲೆ ದೂರು ಅಂತ ಬರೀಲ್ರಿ?’

‘ಎಸ್ರು ಗೊತ್ತಿದ್ರೆ ಲೆಟ್ರು ಯಾಕಮ್ಮ ಬೇಕಿತ್ತು?’

‘ಹಂಗಾದ್ರ ಅನಾಮಧೇಯ ವ್ಯಕ್ತಿ ಅಂತ ಹಾಕ್ತೀನ್ರಿ.’

‘ಆಕು, ಆಕು.’

ಪತ್ರ ನನ್ನ ಮೇಲಿಗೆ ಬಂತು. ಅಷ್ಟಕ್ಕೇ ಬಿಡದೆ ಅಧ್ಯಕ್ಷರು ಅದನ್ನೇ ಕಾಪಿ ಮಾಡಿಸಿ ಕಟ್ಟೆಯಲ್ಲಿ ತಮ್ಮ ಹೆಸರಿನಲ್ಲಿ ಹಾಕಿಸಿದರು, ಲೇಔಟಿನವರೆಲ್ಲ ನೋಡಲಿ ಎಂದು.

ಹೆಬ್ಬಾಳಕ್ಕೆ ಬಂದು ಉತ್ತರ ಬರೆಯಲು ಕೂತೆ. ಪತ್ರದಲ್ಲಿ ‘ಸಂಘ’ ಎಂಬ ಪದ ಎಲ್ಲೆಲ್ಲಿದೆ ನೋಡೋಣವೆಂದು ಸರ್ಚ್ ಕೊಟ್ಟೆ. ಸಿಗಲಿಲ್ಲ. ಕಣ್ಣೆದುರೇ ಮೂರು ಸಲ ಇತ್ತು, ಕಂಪ್ಯೂಟರ್ ಮಾತ್ರ ಇಲ್ಲವೆನ್ನುತ್ತಿತ್ತು.

ಇದಕ್ಕೊಂದು ವಿವರಣೆ ಬೇಕು. ಕನ್ನಡದಲ್ಲಿ ‘ಸೊನ್ನೆ’ ಎಂಬ ಒಂದೇ ಹೆಸರಿಗೆ ಎರಡು ರೂಪ. ಒಂದು ಅಂಕಿಯ ಸೊನ್ನೆ, ‘೦’. ಇನ್ನೊಂದು ಅಕ್ಷರದ ಪಕ್ಕ ಕೂರುವ ಅನುಸ್ವಾರ, ‘ಂ’. ನಮ್ಮ ಕಣ್ಣಿಗೆ ಎರಡೂ ದುಂಡಗೆ. ಕಂಪ್ಯೂಟರಿಗೆ ಅವು ಸಂಬಂಧವೇ ಇಲ್ಲದ ಎರಡು ಗುರುತುಗಳು. ಈಗಿನವರು ಫೋನಿನಲ್ಲಿ ಬರೆದರೆ ಸರಿಯಾದ ಅನುಸ್ವಾರವೇ ಬೀಳುತ್ತದೆ. ಹಳೆಯ ಟೈಪಿಸ್ಟರಲ್ಲಿ ಕೆಲವರು ಮಾತ್ರ ಅಕ್ಷರದ ಪಕ್ಕ ಅಂಕಿಯ ಸೊನ್ನೆಯನ್ನೇ ಒತ್ತುತ್ತಾರೆ. ‘ಸಂಘ’ ಎಂಬುದು ‘ಸ೦ಘ’ ಆಗುತ್ತದೆ. ವ್ಯತ್ಯಾಸ ಕಾಣಲಿಲ್ಲವಾದರೆ ತಪ್ಪು ನಿಮ್ಮದಲ್ಲ, ಯಾರಿಗೂ ಕಾಣುವುದಿಲ್ಲ.

ಗಿರಿಜಮ್ಮನವರ ಪತ್ರದಲ್ಲಿ ಎಲ್ಲ ಅಂಕಿಯ ಸೊನ್ನೆಗಳು. ಸುಮ್ಮನೆ ಕುತೂಹಲಕ್ಕೆ ಆ ‘ಸ೦ಘ’ವನ್ನೇ ಕಾಪಿ ಮಾಡಿ ಆ ಲೇಔಟಿನ ಕಟ್ಟೆಯ ಸರ್ಚಿನಲ್ಲಿ ಹಾಕಿದೆ. ಎರಡೇ ಫಲಿತಾಂಶ ಬಂದವು. ಒಂದು ಅಧ್ಯಕ್ಷರ ಪತ್ರ. ಅದರ ಕೆಳಗೆ, ಹೆಸರಿಲ್ಲದ ಬರಹ.

ತನ್ನ ಹೆಸರನ್ನು ಪತ್ತೆಹಚ್ಚಿಕೊಡಿ ಎಂಬ ಪತ್ರವನ್ನು ಆಕೆ ತಾನೇ ಟೈಪ್ ಮಾಡಿದ್ದರು. ಅನಾಮಧೇಯ ವ್ಯಕ್ತಿ ಅಂತ ಹಾಕುತ್ತೇನೆ ಎಂದು ತಾವೇ ಸೂಚಿಸಿಯೂ ಇದ್ದರು. ಐವತ್ತು, ಇಪ್ಪತ್ತೈದು, ಹನ್ನೆರಡು ನಿಮಿಷ ಎಂಬ ಆ ಮೂರು ಸಾಲು ಯಾರ ಮಗಳ ಕುರಿತಾದವು ಎಂಬುದೂ ಆಗಲೇ ತಿಳಿಯಿತು.

ಆಕೆ ಅಷ್ಟು ದಿನ ಸುರಕ್ಷಿತವಾಗಿದ್ದದ್ದು ನಮ್ಮ ಬಟನ್ನಿನಿಂದಲ್ಲ. ಟೈಪ್ ಮಾಡುವವಳು ಸ್ವಂತ ವಾಕ್ಯ ಬರೆದಾಳು ಎಂದು ಮುನಿರಾಜಪ್ಪನವರಿಗೆ ಹೊಳೆಯದಿದ್ದುದರಿಂದ. ಇದುವರೆಗೆ ಆಕೆ ಹೊಡೆದ ನೋಟಿಸುಗಳೆಲ್ಲ ಕಾಗದದಲ್ಲಿ ಬೋರ್ಡಿನ ಮೇಲಿದ್ದವು. ಕಾಗದವನ್ನು ಯಾರೂ ಸರ್ಚ್ ಮಾಡುವುದಿಲ್ಲ. ಸಾಫ್ಟ್ ಕಾಪಿ ಕೇಳಿದವನು ನಾನು. ಕೆಫೆಯ ರಿಜಿಸ್ಟರನ್ನೂ ಚರ್ಚಾ ತಾಣವನ್ನೂ ಒಂದೇ ಮೇಜಿನ ಮೇಲೆ ತಂದಿಟ್ಟವನು ನಾನು. ನಾಳೆ ಲೇಔಟಿನ ಯಾರಾದರೂ ಅಧ್ಯಕ್ಷರ ಪತ್ರದ ಒಂದು ಪದ ಹಿಡಿದು ಹುಡುಕಿದರೆ ಸಾಕಿತ್ತು, ಒಂದು ತಿಂಗಳಲ್ಲಿ ತಾಯಿ ಮಗಳು ಸಾಮಾನು ಕಟ್ಟಬೇಕಾಗುತ್ತಿತ್ತು. ಮೂರು ಭಾನುವಾರದ ಕಥೆಯೂ ಅವರ ಹಿಂದೆಯೇ ಮುಂದಿನ ಲೇಔಟಿಗೆ ಹೋಗುತ್ತಿತ್ತು.

ನಮ್ಮ ಸರ್ಚ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ನಿಧಿ, ಇಪ್ಪತ್ಮೂರು ವರ್ಷದವಳು, ಎದುರು ಮೇಜಿನಲ್ಲಿದ್ದಳು. ಹನ್ನೊಂದು ಗೆಳತಿಯರಿಗೆ ಇಪ್ಪತ್ನಾಲ್ಕು ಗಂಟೆಯೂ ಲೊಕೇಶನ್ ಕಳಿಸುತ್ತಿರುವವಳು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾ ಜಗಳ.

‘ಬಚ್ಚಿಡೋಕೆ ಏನಿದೆ ಸರ್ ನಮ್ ಹತ್ರ?’ ಎಂಬುದು ಅವಳ ಪಲ್ಲವಿ.

ಆ ದಿನ ನಾನು ಸ್ವಲ್ಪ ಭಾವುಕನಾಗಿ ಸೈಬರ್ ಕೆಫೆಯ ಕಥೆ ತೆಗೆದೆ. ವಿತಂಡ, ಹಳೇ ರೇಡಿಯೋ, ಗೊತ್ತಿಲ್ಲದವರಿಂದ ಸಿಗುತ್ತಿದ್ದ ‘ನೀವು’. ನಿಮ್ಮ ಪೀಳಿಗೆ ಎಲ್ಲವನ್ನೂ ತಾನಾಗಿ ಬಿಟ್ಟುಕೊಟ್ಟಿತು ಎಂದೆ.

ಅವಳು ಕುರ್ಚಿ ತಿರುಗಿಸಿ ಕೂತಳು. ‘ಬಿಟ್ಟುಕೊಟ್ವಾ? ಸರ್, ನಾನು ಹೈಸ್ಕೂಲಲ್ಲಿದ್ದಾಗ್ಲೇ ಸ್ಕೂಲ್ ಬಸ್ ಎಲ್ಲಿದೆ ಅಂತ ಅಮ್ಮನ ಫೋನಲ್ಲಿ ಬರ್ತಿತ್ತು. ನನ್ ಮಾರ್ಕ್ಸ್ ನಂಗಿಂತ ಮೊದ್ಲು ಅಪ್ಪಂಗೆ ಹೋಗ್ತಿತ್ತು. ನಾನು ಹುಟ್ಟಿದ ದಿನದ ಫೋಟೊ ನಮ್ ಚಿಕ್ಕಪ್ಪ ಆನ್‌ಲೈನಲ್ಲಿ ಹಾಕಿರೋದು ಇನ್ನೂ ಇದೆ. ನಮ್ಮನ್ನ ಯಾರು ಕೇಳಿದ್ರು? ಗೂಡು ನೋಡಿದವ್ರು ನೀವು. ಅದನ್ನ ಕಿತ್ತು ಈ ಆಪ್ ಕಟ್ಟಿದವ್ರೂ ನೀವೇ.’

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚೆಯ ಟ್ರೋಫಿ ತಂದವನು ನಾನು. ಆ ಸುತ್ತು ಅವಳದೇ.

ನನ್ನ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಯಾರೆಂದು ಹೇಳಲಿಲ್ಲ. ‘ಈ ಪದ ಸರ್ಚ್ ಮಾಡಿದ್ರೆ ಎರಡೇ ಬರುತ್ತೆ. ಬೇರೆಯವ್ರ ‘ಸಂಘ’ ಬರಲ್ಲ. ಇದು ಸರ್ಚಿನ ಬಗ್ ಅಲ್ವಾ?’ ಬಗ್ ಎಂದರೆ ಪ್ರೋಗ್ರಾಮಿನಲ್ಲಿರುವ ದೋಷ.

ಅವಳು ಎರಡು ಬರಹಗಳನ್ನೂ ಓದಿದಳು. ಮೇಲಿನದರ ಕೆಳಗೆ ಯಾರ ಹೆಸರಿದೆ, ಕೆಳಗಿನದರಲ್ಲಿ ಯಾರ ಹೆಸರಿಲ್ಲ ಎಂಬುದನ್ನೂ ನೋಡಿದಳು. ‘ಬಗ್ಗೇ ಸರ್,’ ಎಂದಳು ನಿಧಾನವಾಗಿ. ‘ಕನ್ನಡ ಸರ್ಚಲ್ಲಿ ಸೀರಿಯಸ್ ಬಗ್. ಟಿಕೆಟ್ ಹಾಕಿ, ಈಗ್ಲೇ ಮಾಡ್ತೀನಿ. ಒಂದ್ ಲೇಔಟಿಗೆ ಮಾತ್ರ ಮಾಡಿದ್ರೆ ಎದ್ದು ಕಾಣುತ್ತೆ. ಎಲ್ಲಾ ಕಡೆ ಮಾಡ್ಬೇಕು.’

ಟಿಕೆಟ್, ಅಂದರೆ ದುರಸ್ತಿಯ ಕೋರಿಕೆ, ಬರೆದೆ: ‘ಅಕ್ಷರದ ಪಕ್ಕ ಅಂಕಿಯ ಸೊನ್ನೆ ಇದ್ದರೆ ಅದನ್ನು ಅನುಸ್ವಾರವಾಗಿ ಬದಲಿಸುವುದು. ಉದ್ದೇಶ: ಕನ್ನಡ ಹುಡುಕಾಟ ಸುಲಭಗೊಳಿಸುವುದು.’ ಸುಳ್ಳೇನೂ ಅಲ್ಲ. ಇಡೀ ಆಪ್‌ನಲ್ಲಿ ಅಂಥ ಬರಹಗಳು ಮುನ್ನೂರ ಚಿಲ್ಲರೆ ಇದ್ದವು. ಮೊದಲ ಪ್ರಯತ್ನದಲ್ಲಿ ಯಾರದೋ ‘೧೦ ಗಂಟೆ’ ‘೧ಂ ಗಂಟೆ’ ಆಗಿ ನಿಧಿ ತಲೆ ಚಚ್ಚಿಕೊಂಡಳು. ಎರಡನೆಯದರಲ್ಲಿ ಸರಿಯಾಯಿತು. ನಲವತ್ತು ನಿಮಿಷದ ಕೆಲಸ. ಮತ್ತೆ ಸರ್ಚ್ ಮಾಡಿದಾಗ ‘ಸಂಘ’ ಇರುವ ಇನ್ನೂರಕ್ಕೂ ಹೆಚ್ಚು ಬರಹ ಬಂದವು. ಗಿರಿಜಮ್ಮ ಆ ಗುಂಪಿನಲ್ಲಿ ಎಲ್ಲೋ ಸೇರಿಹೋಗಿದ್ದರು.

ನನ್ನೊಳಗಿನ ವಿರೋಧಪಕ್ಷ ಆಗಲೂ ಸುಮ್ಮನಿರಲಿಲ್ಲ, ಈಗಲೂ ಇಲ್ಲ. ಕೇಳದೆ ಮುನ್ನೂರು ಮಂದಿಯ ಅಕ್ಷರ ತಿದ್ದಲು ನೀನು ಯಾರು? ಒಳ್ಳೆಯ ಕಾರಣಕ್ಕೆ ನಲವತ್ತು ನಿಮಿಷದಲ್ಲಿ ಇದನ್ನು ಮಾಡಬಲ್ಲವರು ಕೆಟ್ಟ ಕಾರಣಕ್ಕೂ ನಲವತ್ತೇ ನಿಮಿಷದಲ್ಲಿ ಮಾಡಬಲ್ಲರು. ಒಪ್ಪುತ್ತೇನೆ. ಆಪ್‌ನಲ್ಲಿ ‘ಕನ್ನಡ ಹುಡುಕಾಟ ಸುಧಾರಿಸಲಾಗಿದೆ’ ಎಂದು ಪ್ರಕಟಣೆ ಹಾಕಿದೆವು. ಅದಕ್ಕೆ ಎರಡು ಲೈಕ್ ಬಂತು. ಅದರಿಂದ ಪ್ರಶ್ನೆ ಮುಗಿಯುವುದಿಲ್ಲ.

ಅಧ್ಯಕ್ಷರಿಗೆ ನಾಲ್ಕು ಸಾಲಿನ ಉತ್ತರ ಬರೆದೆ. ಹೆಸರು ಕೊಡಲಾಗದು, ಸಂದರ್ಶಕರ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸಂಘ ಸಹಿ ಹಾಕಿದ ಒಪ್ಪಂದಕ್ಕೆ ವಿರುದ್ಧ, ಇಂದಿನಿಂದ ಪ್ರಿಂಟ್ ತೆಗೆದರೆ ಅದರಲ್ಲಿ ‘ಕಾರಣ’ದ ಕಾಲಂ ಬರುವುದಿಲ್ಲ. ಕೊನೆಯದನ್ನು ಮಾಡಿಸಲು ಮ್ಯಾನೇಜರ್ ಜೊತೆ ಮೂರು ದಿನ ಮರ್ಯಾದೆಯಿಂದ ಜಗಳವಾಡಿದ್ದೆ. ಗೇಟಿನಲ್ಲಿ ಕಾರಣ ಕೇಳುವುದನ್ನೇ ನಿಲ್ಲಿಸೋಣ ಎಂದದ್ದಕ್ಕೆ ಅವರು ಒಪ್ಪಲಿಲ್ಲ. ಉತ್ತರ ತಲುಪಿಸಲು ನಾನೇ ಹೋದೆ.

ಬೋರ್ಡಿನಲ್ಲಿ ಪಟ್ಟಿ ಇರಲಿಲ್ಲ. ನಾಲ್ಕು ಪಿನ್ನು ಮಾತ್ರ ಇದ್ದವು. ಮುನಿರಾಜಪ್ಪ ಉತ್ತರ ಓದಿ ಮಡಚಿ ಜೇಬಿಗಿಟ್ಟುಕೊಂಡರು.

‘ಆಲಿನ ಚಿಕ್ಕಣ್ಣನ ಮೊಮ್ಮಗ ಆಗಿ ಇಂಗ್ ಮಾಡ್ದಲ್ಲೋ.’

‘ಅದಕ್ಕೇ ಅಣ್ಣ, ನಾನೇ ಬಂದು ಕೊಟ್ಟೆ. ಬೇರೆಯವ್ರಾಗಿದ್ರೆ ಮೇಲ್ ಮಾಡ್ತಿದ್ದೆ.’

ಅವರಿಗೆ ನಗು ಬಂತು, ತಡೆದುಕೊಂಡರು. ‘ಆ ಮೇಷ್ಟ್ರು ಈಗ ದಿನಾ ಎದ್ರಿಗ್ ಬಂದ್ ನಮಸ್ಕಾರ ಆಕ್ತಾರೆ. ಬೇಕಂತ್ಲೇ ಆಕ್ತಾರೆ. ಓಗ್ಲಿ ಬಿಡು.’ ಹನ್ನೆರಡು ಲೇಔಟುಗಳಲ್ಲಿ ಮೂರು ಆಪ್ ಬಿಟ್ಟವು. ಮ್ಯಾನೇಜರ್ ಎರಡು ವಾರ ನನ್ನೊಂದಿಗೆ ಟೀ ಕುಡಿಯಲು ಬರಲಿಲ್ಲ.

ಹೊರಡುವಾಗ ಗಿರಿಜಮ್ಮ ಒಂದು ಕವರು ಹಿಡಿದು ಗೇಟಿನವರೆಗೆ ಜೊತೆಗೆ ಬಂದರು. ಮನೆಗೆ ಹೋಗುವ ಹೊತ್ತು ಎಂದರು. ನಾಲ್ಕು ಹೆಜ್ಜೆಯ ಮೇಲೆ ಹೇಳಿದರು: ‘ಅಧ್ಯಕ್ಷರ ಲೆಟರ್ ಆಪ್‌ನ್ಯಾಗ ನೋಡಿದ್ನಿರಿ. ನಾ ಹೊಡೆದ ಸೊನ್ನಿ ಎಲ್ಲಾ ಸಣ್ಣ ಆಗ್ಯಾವ.’

ಮೂವತ್ತು ವರ್ಷ ಟೈಪ್ ಮಾಡಿದವರ ಕಣ್ಣು. ಯಾರಿಗೂ ಕಾಣುವುದಿಲ್ಲ ಎಂದು ಮೊದಲೇ ಬರೆದಿದ್ದೇನಲ್ಲ, ಆ ಮಾತನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ.

‘ಎಲ್ಲರದ್ದೂ ಬದಲಾಯಿಸಿದ್ವಿ ಮೇಡಂ. ಅಂಕಿ ಸೊನ್ನೆ ಬಿದ್ದಿತ್ತು. ಹುಡುಕೋಕೆ ಅನುಕೂಲ ಆಗಲಿ ಅಂತ.’

‘ನಾ ಕಲಿತ ಮಷಿನ್‌ನ್ಯಾಗ ಎರಡಕ್ಕೂ ಒಂದ ಕೀಲಿ ಇತ್ರಿ. ಬೆರಳಿಗೆ ಅದ ರೂಢಿ.’ ಕವರನ್ನು ಇನ್ನೊಂದು ಕೈಗೆ ಬದಲಿಸಿದರು. ‘ಎಲ್ಲಾರದೂ ಅಂದ್ರ, ಕಟ್ಟಿಮ್ಯಾಲೆ ಬರೆದವರು ಎಲ್ಲಾರದೂ?’

‘ಹೆಸರಿರೋರದ್ದೂ, ಇಲ್ಲದವರದ್ದೂ.’

ಆಕೆ ತಲೆಯಾಡಿಸಿದರು. ‘ಹುಡುಕಾಕ ಅನುಕೂಲ,’ ಎಂದು ನನ್ನ ಮಾತನ್ನೇ ಒಮ್ಮೆ ಹೇಳಿಕೊಂಡರು. ‘ಛಲೋ ಮಾಡಿದ್ರಿ. ಇನ್ನ ಮ್ಯಾಲೆ ನಾನೂ ಸಣ್ಣ ಸೊನ್ನೀನ ಹೊಡೀತೀನಿ.’

ಅದಕ್ಕಿಂತ ಹೆಚ್ಚು ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಬಹುಶಃ ಅದನ್ನೇ. ಗುಟ್ಟು ಕಾಯುವುದೆಂದರೆ ಬೀಗ ಹಾಕುವುದು ಎಂದುಕೊಂಡು ಕೆಲಸಕ್ಕೆ ಸೇರಿದವನು ನಾನು. ನಿಜವಾಗಿ ಮಾಡಬೇಕಾದದ್ದು ಒಬ್ಬರ ಎರಡು ರಿಜಿಸ್ಟರುಗಳನ್ನು ಒಂದೇ ಮೇಜಿಗೆ ತಾರದಿರುವುದು. ಯಾರಾದರೂ ತಂದಿಟ್ಟಿದ್ದರೆ, ನೋಡಿಯೂ ಕೇಳದಿರುವುದು. ಹಳೇ ರೇಡಿಯೋ ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಪರೀಕ್ಷೆ ಬರೆಯುವವನೆಂದು ಅವರಿಗೆ ಖಂಡಿತ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಗೊತ್ತಾದ ಮೇಲೂ ಅವರು ‘ನೀವು’ ಬಿಡಲಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವನು ಫೋನ್ ಹಿಡಿದು ನಿಂತಿದ್ದ. ಬರುವಾಗ ನನ್ನ ಎಂಟ್ರಿ ಪೂರ್ತಿ ತುಂಬಿರಲಿಲ್ಲವಂತೆ. ಹೆಸರು ಇತ್ತು, ನಂಬರ್ ಇತ್ತು.

‘ಬಂದ ಕಾರಣ ಏನ್ ಸರ್?’

ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಮ್ಮ ಹೇಳಿದರು: ‘ಸೊನ್ನಿ ಹಾಕಪ್ಪ.’

‘ಸೊನ್ನೆ ಅಂದ್ರೆ ಯಾವ್ದಮ್ಮ? ಅಂಕೀದಾ, ಅಕ್ಷರದ್ದಾ? ಕೀಬೋರ್ಡಲ್ಲಿ ಎರಡಿದಾವೆ.’

‘ಯಾವುದಾರ ಹಾಕು,’ ಎಂದರು ಆಕೆ. ‘ಇನ್ನ ಎರಡೂ ಒಂದ.’